ಮೊರೊಗೊರೊದಲ್ಲಿ ನೊಮ್ಸಾಳ ಲೆಕ್ಕ

ಚಿತ್ತಾಪುರ

ಆಫ್ರಿಕಾಕ್ಕೆ ಹೋಗಿ ಬಂದೆ ಎಂದರೆ ನಮ್ಮ ಚಿತ್ತಾಪುರದಲ್ಲಿ ಮೊದಲು ಕೇಳುವುದು ಸಿಂಹದ ಸಮಾಚಾರ. ಓಣಿಯ ಹಿಟ್ಟಿನ ಗಿರಣಿಯ ರಸೂಲ್ ಚಾಚಾ, "ಟೀಚರ್, ಬಬ್ಬರ್ ಶೇರ್ ಎಷ್ಟು ದೂರದಿಂದ ನೋಡಿದ್ರಿ?" ಎಂದು ಕೇಳಿದರು. ಒಂದೂ ನೋಡಲಿಲ್ಲ ಎಂದೆ. ಅವರು ಜೋಳ ಸುರಿಯುವುದನ್ನೇ ನಿಲ್ಲಿಸಿಬಿಟ್ಟರು.

"ಹಡಗಿನ್ಯಾಗ ಅಷ್ಟು ದೂರ ಹೋಗಿ, ಮತ್ತೇನು ನೋಡಿ ಬಂದ್ರಿ ನೀವು?"

ಗಿರಣಿಯ ಸಪ್ಪಳದಲ್ಲಿ ಆ ಪ್ರಶ್ನೆಗೆ ಉತ್ತರ ಹೇಳಲಾಗಲಿಲ್ಲ. ಸಾವಕಾಶವಾಗಿ ಇಲ್ಲಿ ಹೇಳುತ್ತೇನೆ.

ನಾನು ಮಾಧ್ಯಮಿಕ ಶಾಲೆಯಲ್ಲಿ ಲೆಕ್ಕ ಕಲಿಸುವವಳು. ಮೈಸೂರು ರಾಜ್ಯ ಕರ್ನಾಟಕವಾಗಿ ಕೆಲವು ವರ್ಷ ಕಳೆದಿದ್ದರೂ ನಮ್ಮ ಶಾಲೆಯ ರಬ್ಬರ್ ಮುದ್ರೆ ಇನ್ನೂ ಬದಲಾಗಿರದ ಕಾಲ ಅದು. ನನ್ನ ಗಂಡ ವಾಡಿಯ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ದಿನಾ ಬೆಳಗಿನ ಗಾಡಿಗೆ ಹೋಗಿ ಸಂಜೆಯ ಗಾಡಿಗೆ ಬರುತ್ತಿದ್ದರು. ಒಂದು ದಿನ ಮಧ್ಯಾಹ್ನವೇ ಬಂದರು. ಎದೆ ಭಾರ ಆಗಿದೆ, ನೀರು ಕೊಡು ಎಂದರು. ನಾನು ನೀರಿನ ಕೊಡದ ಹತ್ತಿರ ಹೋಗಿ ತಂಬಿಗೆ ತುಂಬಿಕೊಂಡು ಬರುವಷ್ಟರಲ್ಲಿ ಅವರು ಗೋಡೆಗೆ ಒರಗಿದ್ದರು. ನೀರು ಕುಡಿಯಲಿಲ್ಲ.

ಆಮೇಲೆ ನಾನು ಶಾಲೆಗೆ ಹೋಗಲಿಲ್ಲ. ರಜೆಯ ಮೇಲೆ ರಜೆ ಹಾಕಿದೆ. ಬಂದವರೆಲ್ಲ ಸಮಾಧಾನ ಹೇಳಿದರು, ನಾನು ಚಹಾ ಕೊಟ್ಟೆ. ಹೊತ್ತು ಮುಳುಗಿದ ಮೇಲೆ ಹೊರಗೆ ಕಾಲಿಡುತ್ತಿರಲಿಲ್ಲ. ಯಾರೂ ಬೇಡವೆಂದಿರಲಿಲ್ಲ. ಆದರೂ ಬಾಗಿಲ ಹೊರಗೆ ನನಗೇನೂ ಕೆಲಸವಿಲ್ಲವೆನ್ನಿಸುತ್ತಿತ್ತು.

ನನ್ನ ತಮ್ಮ ಮಲ್ಲಣ್ಣ ವಾಡಿಯ ರೈಲ್ವೆ ಶೆಡ್ಡಿನಲ್ಲಿ ಫಿಟ್ಟರ್ ಆಗಿದ್ದವನು. ಎಂಜಿನ್ ರಿಪೇರಿಗೆಂದು ಅವನನ್ನು ಟಾಂಜಾನಿಯಾ ದೇಶಕ್ಕೆ ಕಳಿಸಿದ್ದರು. ಸೂಟಿಗೆ ಊರಿಗೆ ಬಂದಾಗ ನನ್ನನ್ನು ನೋಡಿ ಒಂದೇ ಮಾತು ಹೇಳಿದ: "ಅಕ್ಕಾ, ನೀ ಇಲ್ಲಿ ಹಿಂಗೇ ಕುಂತಿ ಅಂದ್ರ ಗ್ವಾಡಿ ಆಗಿಹೋಗ್ತಿ. ನಡಿ ನನ್ನ ಜೊತಿ."

ದಾರೆಸ್ಸಲಾಮ್ ಬಂದರು

ಹಡಗಿನ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಮುಂಬಯಿ ಬಿಟ್ಟ ಮೇಲೆ ನಾನು ಬಹಳ ಹೊತ್ತು ಮಲಗಿಯೇ ಇದ್ದೆ. ಸಮುದ್ರವೆಂದರೆ ಕಾಗಿಣಾ ನದಿಗೆ ಪ್ರವಾಹ ಬಂದು ಇಳಿಯುವುದನ್ನೇ ಮರೆತ ಹಾಗೆ ಎಂದುಕೊಂಡೆ.

ಬಂದರಿನಲ್ಲಿ ಸಾಮಾನು ನೋಡುವ ಅಧಿಕಾರಿ ನನ್ನ ಗಂಟು ಬಿಚ್ಚಿಸಿದ. ಅದರಲ್ಲಿ ಮಲ್ಲಣ್ಣನ ಹೆಂಡತಿ ಕಸ್ತೂರಿಗೆಂದು ಬಿಸಿಲಲ್ಲಿ ಒಣಗಿಸಿದ ಸಜ್ಜೆಯ ಕಟಿ ರೊಟ್ಟಿಗಳಿದ್ದವು. ಅವನು ಒಂದನ್ನು ಎತ್ತಿ ಬೆರಳಿನಿಂದ ಬಡಿದ. ಟಣ್ ಟಣ್ ಎಂದಿತು. ಮೇಜಿನ ಅಂಚಿಗೆ ಕುಟ್ಟಿದ. ಬೆಳಕಿಗೆ ಹಿಡಿದು ನೋಡಿದ.

"ಇದನ್ನು ಯಾವ ಯಂತ್ರಕ್ಕೆ ಹಾಕುತ್ತಾರೆ?" ಎಂದು ಇಂಗ್ಲಿಷಿನಲ್ಲಿ ಕೇಳಿದ. ರೈಲ್ವೆಯವರ ಸಾಮಾನೆಂದು ಚೀಟಿಯಲ್ಲಿ ಬರೆದಿತ್ತು, ಅದಕ್ಕೆ.

"ತಿನ್ನುತ್ತೇವೆ" ಎಂದೆ.

ಅವನು ನಂಬಲಿಲ್ಲ. ನಾನು ಒಂದು ತುಂಡು ಮುರಿದು, ಖಾರದ ಶೇಂಗಾ ಹಿಂಡಿಯ ಪುಡಿ ಹಚ್ಚಿ ಬಾಯಿಗೆ ಹಾಕಿಕೊಂಡು ತೋರಿಸಿದೆ. ಅವನೂ ಒಂದು ತುಂಡು ಕೇಳಿ ತಿಂದ. ಕಣ್ಣಲ್ಲಿ ನೀರು ಬಂತು. ಪಕ್ಕದ ಮೇಜಿನವನನ್ನು ಕರೆದು ಅವನಿಗೂ ತಿನ್ನಿಸಿದ. ಇಬ್ಬರೂ ಕೆಮ್ಮುತ್ತ ನಗುತ್ತ ನನ್ನ ಮಿಕ್ಕ ಗಂಟನ್ನು ಬಿಚ್ಚದೆಯೇ ಸುಣ್ಣದ ಕಡ್ಡಿಯಿಂದ ಗುರುತು ಹಾಕಿ ಬಿಟ್ಟರು. ನನ್ನ ಗಂಡ ತೀರಿಕೊಂಡ ಮೇಲೆ ನನ್ನೆದುರು ಯಾರೂ ಹಾಗೆ ಬಾಯಿಬಿಟ್ಟು ನಕ್ಕಿರಲಿಲ್ಲ. ಊರಲ್ಲಿ ನನ್ನನ್ನು ಕಂಡರೆ ಜನ ಮುಖ ಸಣ್ಣ ಮಾಡಿಕೊಳ್ಳುತ್ತಿದ್ದರು. ಇಲ್ಲಿಯವರಿಗೆ ಅದು ಗೊತ್ತಿರಲಿಲ್ಲ.

ಮೊರೊಗೊರೊ, ರೈಲ್ವೆ ಕ್ವಾರ್ಟರ್ಸ್

ಮೊರೊಗೊರೊ ಎಂಬ ಊರು ಒಂದು ದೊಡ್ಡ ಬೆಟ್ಟದ ಕಾಲಡಿಗಿದೆ. ಕಸ್ತೂರಿ ಚಿಂಚೋಳಿಯ ಕಡೆಯವಳು. ಅವಳಿಗೆ ಬೆಟ್ಟವೆಂದರೆ ತವರು. "ನಮ್ಮ ಗುಡ್ಡದಂಗೇ ಅದ ಅಕ್ಕಾ, ಜರಾ ಎತ್ತರ, ಅಷ್ಟೇ" ಎಂದು ದಿನಾ ಹೇಳುತ್ತಿದ್ದಳು. ಆ ಜರಾ ಎತ್ತರದ ಬೆಟ್ಟದ ತಲೆ ಯಾವಾಗಲೂ ಮೋಡದಲ್ಲೇ ಇರುತ್ತಿತ್ತು. ನನಗೆ ಬೇರೆಯದೇ ಕಂಡಿತು. ಕ್ವಾರ್ಟರ್ಸಿನ ಮುಂದಿನ ಮಾವಿನ ಗಿಡದ ಎಲೆಗಳು ಹಸಿರಾಗಿದ್ದವು. ವಾಡಿಯ ಕ್ವಾರ್ಟರ್ಸುಗಳಲ್ಲಿ ಎಲೆಗೆ ಹಸಿರು ಬಣ್ಣ ಬರುವುದು ಮಳೆ ಬಿದ್ದ ಎರಡು ತಿಂಗಳು ಮಾತ್ರ; ಮಿಕ್ಕಂತೆ ಎಲ್ಲವೂ ಸಿಮೆಂಟಿನದೇ.

ಅಲ್ಲಿಯ ಜನರ ನಮಸ್ಕಾರ ಬಹಳ ಉದ್ದ. ಪಕ್ಕದ ಮನೆಯ ಹೆಂಗಸು ಬೆಂಕಿ ಕೇಳಲು ಬಂದರೂ ಮೊದಲು ನಿನ್ನೆಯ ಸುದ್ದಿ, ಮನೆಯ ಸುದ್ದಿ, ನಿದ್ದೆಯ ಸುದ್ದಿ, ಕೋಳಿಗಳ ಸುದ್ದಿ ಕೇಳಿ, ಎಲ್ಲಕ್ಕೂ 'ಚೆನ್ನಾಗಿದೆ' ಎಂಬ ಉತ್ತರ ಬಂದ ಮೇಲೆಯೇ ಕೆಂಡದ ಮಾತು. "ಅಷ್ಟರಾಗ ನಮ್ಮ ಒಲಿ ಆರಿರ್ತದ" ಎಂದು ಕಸ್ತೂರಿ ಗೊಣಗುವಳು. ನನಗೆ ಆ ಪದ್ಧತಿ ಹಿಡಿಸಿತು. ಚೆನ್ನಾಗಿಲ್ಲದಿದ್ದರೂ ದಿನಾ ನಾಲ್ಕು ಸಲ ಚೆನ್ನಾಗಿದೆ ಎಂದು ಬಾಯಲ್ಲಿ ಹೇಳಬೇಕಾಗುತ್ತಿತ್ತು.

ಊರಿನಿಂದ ಸ್ವಲ್ಪ ದೂರದಲ್ಲಿ ನಿರಾಶ್ರಿತ ವಿದ್ಯಾರ್ಥಿಗಳ ಒಂದು ಶಿಬಿರವಿತ್ತು. ದಕ್ಷಿಣ ಆಫ್ರಿಕಾದಿಂದ ಓಡಿಬಂದ ಹುಡುಗ ಹುಡುಗಿಯರು. ಅಲ್ಲಿ ಬಿಳಿಯರ ಸರಕಾರ ಕರಿಯರ ಮಕ್ಕಳಿಗೆ ಕಡಿಮೆ ಓದು ಸಾಕೆಂದು ಕಾನೂನು ಮಾಡಿ, ಅದನ್ನೂ ತನ್ನ ಭಾಷೆಯಲ್ಲೇ ಕಲಿಯಿರಿ ಎಂದಿತಂತೆ. ಮಕ್ಕಳು ಶಾಲೆ ಬಿಟ್ಟು ಬೀದಿಗಿಳಿದರು. ಗುಂಡು ಹಾರಿತು. ಬದುಕಿದವರಲ್ಲಿ ಹಲವರು ರಾತ್ರೋರಾತ್ರಿ ಗಡಿ ದಾಟಿ, ದೇಶದಿಂದ ದೇಶಕ್ಕೆ ಸರಿಯುತ್ತ ಇಲ್ಲಿಗೆ ಬಂದಿದ್ದರು. ಹಗಲು ಇಟ್ಟಿಗೆ ಹೊತ್ತು ತಮ್ಮ ಕೋಣೆಗಳನ್ನು ತಾವೇ ಕಟ್ಟುತ್ತಿದ್ದರು, ಹೊತ್ತು ಮುಳುಗಿದ ಮೇಲೆ ಕಂದೀಲಿನಲ್ಲಿ ಓದುತ್ತಿದ್ದರು. ಶಿಬಿರದ ನೀರಿನ ಪಂಪು ಕೆಟ್ಟಾಗ ಮಲ್ಲಣ್ಣ ಹೋಗಿ ಸರಿಮಾಡಿ ಬರುವುದಿತ್ತು. ಹಾಗೆ ಹೋದಾಗ ಒಂದು ಸಲ ಬಾಯಿಬಿಟ್ಟಿದ್ದ: ನಮ್ಮಕ್ಕ ಲೆಕ್ಕದ ಟೀಚರು.

ಮರುವಾರವೇ ಮಾರುಕಟ್ಟೆಗೆ ಬಂದ ಶಿಬಿರದ ಲಾರಿಯಿಂದ ಒಬ್ಬ ಹುಡುಗಿ ನಮ್ಮ ಬಾಗಿಲಲ್ಲಿ ಇಳಿದಳು. ಇಪ್ಪತ್ತರ ಸುಮಾರಿನವಳು, ಎತ್ತರ, ನೀಲಿ ಅಂಗಿ. ಹೆಸರು ನೊಮ್ಸಾ.

ಲಾರಿ ಬರುವ ಹೊತ್ತು

ಅವಳೂ ನಾನೂ ಮಾತಾಡುತ್ತಿದ್ದುದು ಇಂಗ್ಲಿಷಿನಲ್ಲಿ. ಅವಳದು ಓಡುವ ಇಂಗ್ಲಿಷು, ನನ್ನದು ಕೋಲೂರಿ ನಡೆಯುವ ಇಂಗ್ಲಿಷು. ಆದರೆ ಈಗ ನೆನೆಸಿಕೊಂಡರೆ ಅವಳ ಮಾತು ನನ್ನ ಕಿವಿಯಲ್ಲಿ ನಮ್ಮ ಕಡೆಯ ಮಾತಾಗಿಯೇ ಉಳಿದಿದೆ. ಹಾಗೆಯೇ ಬರೆಯುತ್ತೇನೆ.

"ನಂಗ ನರ್ಸ್ ಆಗಬೇಕು" ಎಂದಳು, ಕೂರುವ ಮೊದಲೇ. "ಇಲ್ಲಿಯ ದವಾಖಾನಿಯೊಳಗ ನರ್ಸಿಂಗ್ ಶಾಲಿ ಅದ. ನಮ್ಮ ಶಿಬಿರದವರನ್ನೂ ತಗೋತಾರ. ಆದ್ರ ಪರೀಕ್ಷಾದಾಗ ಪ್ರತಿ ವಿಷಯಾನೂ ಪಾಸಾಗಬೇಕು. ನಾ ಲೆಕ್ಕದಾಗ ಆಗೂದಿಲ್ಲ."

"ಎಲ್ಲಿತನ ಕಲ್ತೀದಿ?"

"ಕಲೀತಿದ್ದೆ. ಆಮೇಲೆ ಶಾಲಿ ಸುಟ್ಟೆವು."

ಹೇಳಿದ ರೀತಿ ಹೇಗಿತ್ತೆಂದರೆ, ನಮ್ಮ ಹುಡುಗಿಯರು ಜ್ವರ ಬಂದಿತ್ತು ಟೀಚರ್ ಎನ್ನುವ ಹಾಗೆ. ಒಳಗಿನಿಂದ ಕಸ್ತೂರಿ, "ಅಮ್ಮಮ್ಮೋ" ಎಂದದ್ದು ಕೇಳಿಸಿತು.

ಚಾಪೆ ಹಾಸಿ ಕೂತೆವು. ಸಂಕಲನ, ಗುಣಾಕಾರ ಬರುತ್ತಿತ್ತು. ಭಿನ್ನರಾಶಿ ಬಂದಲ್ಲಿ ಎಲ್ಲ ನಿಂತುಹೋಗುತ್ತಿತ್ತು. ಮೇಲಿನ ಅಂಕಿ ಕೆಳಗಿನ ಅಂಕಿ ಎಂದರೆ ಅವಳು ತುಟಿ ಬಿಗಿದು, ಬಾಗಿಲಲ್ಲಿ ಪೊಲೀಸರು ನಿಂತ ಹಾಗೆ ಆ ಗೆರೆಯನ್ನೇ ನೋಡುತ್ತಿದ್ದಳು. ಅವರ ದೇಶದಲ್ಲಿ ಹೇಗೆ ಕಲಿಸುತ್ತಾರೋ ನನಗೆ ತಿಳಿಯದು. ನನಗೆ ಗೊತ್ತಿದ್ದುದು ನಮ್ಮಜ್ಜ ಕಲಿಸಿದ ಮಗ್ಗಿ. ಪಾವ್ ಎಂದರೆ ಕಾಲು, ಪೌಣಾ ಎಂದರೆ ಮುಕ್ಕಾಲು, ಸವ್ವಾ ಎಂದರೆ ಒಂದೂಕಾಲು, ದೀಡ ಎಂದರೆ ಒಂದೂವರೆ. ಸೇಡಂ ಸಂತೆಯಲ್ಲಿ ಇವತ್ತಿಗೂ ಕಾಳು ಅಳೆಯುವ ಹೆಂಗಸರು ಕಾಗದ ಪೆನ್ಸಿಲ್ ಇಲ್ಲದೆ ಇದನ್ನೇ ಬಾಯಲ್ಲಿ ಹೇಳಿಕೊಂಡು ಲೆಕ್ಕ ಹಾಕುತ್ತಾರೆ. ಒಂದು ರೊಟ್ಟಿಯನ್ನು ನಾಲ್ಕಾಗಿ ಮುರಿದು ನೊಮ್ಸಾಳ ಮುಂದಿಟ್ಟೆ.

"ಪಾವ್" ಎಂದೆ.

"ಪಾವ್" ಎಂದಳು.

"ನಾಕು ಪಾವ್?"

"ಒಂದು ರೊಟ್ಟಿ." ಒಂದು ತುಂಡು ಬಾಯಿಗೆ ಹಾಕಿಕೊಂಡು, "ಈಗ ಪೌಣಾ" ಎಂದಳು. ಮೊದಲ ಸಲ ಅವಳು ನಕ್ಕದ್ದು ಆಗ.

ದಿನಾ ಬರತೊಡಗಿದಳು. ಹೊತ್ತು ಇಳಿಯುತ್ತ ಬಂದ ಹಾಗೆ ಕಿಟಕಿಯತ್ತ ನೋಡುವಳು. ಲಾರಿ ಹಾರ್ನ್ ಹಾಕಿದ ಕೂಡಲೇ ಲೆಕ್ಕದ ನಡುವೆಯೇ ಎದ್ದು ಓಡುವಳು. ಲಾರಿ ತಪ್ಪೀತೆಂಬ ಚಿಂತೆ ಎಂದುಕೊಂಡೆ. ನಾನು ಏಕೆ ಹಣೆಗೆ ಬರೀ ವಿಭೂತಿ ಹಚ್ಚುತ್ತೇನೆ, ಕೈ ಏಕೆ ಬರಿದು ಎಂದು ಅವಳು ಕೇಳಲಿಲ್ಲ. ಅವಳ ಎಡ ತೋಳಿನ ಮೇಲೆ ಒಂದು ಕರಿ ಬಟ್ಟೆಯ ತುಂಡು ಏಕೆ ಎಂದು ನಾನೂ ಕೇಳಲಿಲ್ಲ. ನಾನು ಅದನ್ನು ತೇಪೆ ಎಂದೇ ತಿಳಿದಿದ್ದೆ.

ಮಳೆಯ ದಿನ

ಒಂದು ಮಧ್ಯಾಹ್ನ ಅಲ್ಲಿಯ ಮಳೆ ಬಂತು. ನಮ್ಮ ಮಳೆ ಬರುವ ಮುಂಚೆ ಗಾಳಿ, ಧೂಳು, ಗುಡುಗು ಎಂದು ಹೇಳಿ ಕಳಿಸುತ್ತದೆ. ಅದು ಬೆಟ್ಟದ ಮೇಲಿಂದ ಒಮ್ಮೆಲೇ ಜಾರಿ ಬಿತ್ತು. ನೊಮ್ಸಾ ಲಾರಿ ಇಳಿದು ಬಾಗಿಲಿಗೆ ಬರುವಷ್ಟರಲ್ಲಿ ತೊಯ್ದು ತೊಪ್ಪೆಯಾಗಿದ್ದಳು. ಕಸ್ತೂರಿ ಅವಳಿಗೆ ತನ್ನ ಇಳಕಲ್ ಸೀರೆ ಉಡಿಸಿದಳು. ಅವಳ ಎತ್ತರಕ್ಕೆ ಸೀರೆ ಮೊಣಕಾಲ ಕೆಳಗೆ ಸ್ವಲ್ಪ ಬಂದು ನಿಂತಿತು.

"ಹೊಲಕ್ಕ ನಾಟಿ ಹಚ್ಚಾಕ ಹೊಂಟಂಗ ಕಾಣ್ತಿ ನೋಡು" ಎಂದು ಕಸ್ತೂರಿ ನಕ್ಕು, ಅವಳಿಗೆ ನಡೆಯಲು ಕಲಿಸುತ್ತ ಪಡಸಾಲೆಯಲ್ಲಿ ಸುತ್ತಾಡಿಸಿದಳು.

ನಾನು ಒಲೆಯ ಬಳಿ ಅಂಗಿ ಒಣಗಿಸುತ್ತಿದ್ದೆ. ಆ ಕರಿ ತೇಪೆ ಕಣ್ಣಿಗೆ ಬಿತ್ತು. ನೀಲಿ ಅಂಗಿಗೆ ಕರಿ ಬಟ್ಟೆ, ಅದೂ ಗೇಣಗೇಣಿಗೆ ಒಂದು ಹೊಲಿಗೆ ಹಾಕಿದ್ದು, ಒಂದು ಮೂಲೆ ಬಿಟ್ಟಿತ್ತು. ನಮ್ಮ ಕಡೆ ಕೌದಿ ಹೊಲಿಯುವ ಯಾವ ಹೆಂಗಸೂ ಅದನ್ನು ನೋಡಿ ಸುಮ್ಮನಿರಲಾರಳು. ಹಳೆ ಸೀರೆಯ ತುಂಡುಗಳನ್ನು ಜೋಡಿಸುವಾಗ ಬಣ್ಣಕ್ಕೆ ಬಣ್ಣ ಕೂಡಿಸದಿದ್ದರೆ ನಮ್ಮವ್ವ ಕೈಮೇಲೆ ಹೊಡೆಯುತ್ತಿದ್ದಳು. ತಾಯಿ ಹತ್ತಿರವಿಲ್ಲದ ಹುಡುಗಿ, ಯಾರು ಹೊಲಿದು ಕೊಡಬೇಕು ಎನ್ನಿಸಿತು. ಕರಿ ತುಂಡನ್ನು ಬಿಚ್ಚಿ ಚಿಂದಿಯ ಗಂಟಿಗೆ ಹಾಕಿದೆ. ಅಡಿಯಲ್ಲಿ ಬಟ್ಟೆ ಹರಿದಿರಲೇ ಇಲ್ಲ. ಹಳೆಯ ಸೂಜಿಯ ತೂತುಗಳು ಮಾತ್ರ ಇದ್ದವು. ಅದನ್ನು ನೋಡಿಯೂ ನನಗೆ ಹೊಳೆಯಲಿಲ್ಲ. ಆ ತೂತುಗಳು ಮುಚ್ಚಲೆಂದು ಮಲ್ಲಣ್ಣನ ಹಳೆ ಅಂಗಿಯಿಂದ ಅದೇ ನೀಲಿಯ ತುಂಡು ಕತ್ತರಿಸಿ, ಹೊಲಿಗೆ ಕಾಣದಂತೆ ಕೂಡಿಸಿದೆ. ಬಹಳ ದಿನದ ಮೇಲೆ ಒಂದು ಕೆಲಸ ಚೆನ್ನಾಗಿ ಮಾಡಿದೆನೆಂಬ ಸಂತೋಷ ನನಗೆ.

ನೊಮ್ಸಾ ಅಂಗಿ ಕೈಗೆ ತೆಗೆದುಕೊಂಡಳು. ತೋಳನ್ನು ತಿರುಗಿಸಿದಳು. ಇನ್ನೊಂದು ತೋಳನ್ನೂ ತಿರುಗಿಸಿ ನೋಡಿದಳು.

"ಎಲ್ಲದ ಅದು?"

ನಾನು ಚಿಂದಿಯ ಗಂಟು ತೋರಿಸಿದೆ. ಅವಳು ಮಂಡಿಯೂರಿ, ಗಂಟನ್ನೆಲ್ಲ ಸುರಿದು, ಆ ತುಂಡನ್ನು ಹುಡುಕಿ ಮುಷ್ಟಿಯಲ್ಲಿ ಹಿಡಿದಳು. ಅಂಗಿಯನ್ನು ಕಂಕುಳಲ್ಲಿ ಅವುಚಿಕೊಂಡಳು. ಸೀರೆಯಲ್ಲೇ, ಮಳೆಯಲ್ಲೇ ಹೊರಗೆ ಹೋಗಿ ಲಾರಿ ಬರುವ ತನಕ ಮಾವಿನ ಗಿಡದ ಕೆಳಗೆ ನಿಂತಿದ್ದಳು. ಕಸ್ತೂರಿ ಕರೆದರೂ ಬರಲಿಲ್ಲ.

ಮರುದಿನ ಲಾರಿ ಬಂತು. ನೊಮ್ಸಾ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಪರೀಕ್ಷೆ ಹತ್ತಿರ ಬಂದಿತ್ತು.

ಶಿಬಿರ

ಮೂರನೆಯ ದಿನ ಲಾರಿಯಿಂದ ಇಳಿದದ್ದು ಮಾ ಡೋರ್ಕಸ್. ಶಿಬಿರದಲ್ಲಿ ಹುಡುಗಿಯರನ್ನು ನೋಡಿಕೊಳ್ಳುವ, ಅವರದೇ ದೇಶದ ಹಿರಿಯ ಹೆಂಗಸು. ದಪ್ಪ ಮೈ, ತಲೆಗೆ ವಸ್ತ್ರ. ಚಹಾ ಕುಡಿದು, ಲೋಟ ಕೆಳಗಿಟ್ಟು ಹೇಳಿದಳು:

"ನಿನ್ನ ಹೊಲಿಗಿ ನೋಡಿದೆ. ಭಾಳ ಚಲೋ ಹಾಕೀದಿ. ತಪ್ಪು ಜಾಗಾಕ್ಕ ಹಾಕೀದಿ."

ಆಮೇಲೆ ವಿವರಿಸಿದಳು. ಅವರಲ್ಲಿ ಹತ್ತಿರದವರು ಸತ್ತರೆ ತೋಳಿಗೆ ಕರಿ ಬಟ್ಟೆ ಹೊಲಿದುಕೊಳ್ಳುತ್ತಾರೆ. ಅದು ಇರುವ ತನಕ ಗಟ್ಟಿಯಾಗಿ ಮಾತಾಡುವಂತಿಲ್ಲ, ಹೊತ್ತು ಮುಳುಗುವ ಮುಂಚೆ ಒಳಗೆ ಸೇರಬೇಕು. ವರ್ಷ ತುಂಬಿದ ಮೇಲೆ ಮನೆಯ ಹಿರಿಯರು ಬಟ್ಟೆಯನ್ನು ತೆಗೆದು, ಸತ್ತವರಿಗೆ ಹೇಳಿ, ಅದನ್ನು ಸುಡುತ್ತಾರೆ. ನೊಮ್ಸಾ ತನ್ನ ತಮ್ಮನ ಜೊತೆ ಗಡಿ ದಾಟಿದವಳು. ದಾರಿಯಲ್ಲಿ ಯಾವುದೋ ಊರಿನಲ್ಲಿ ಅವನು ಜ್ವರದಿಂದ ತೀರಿಕೊಂಡ. ಬಟ್ಟೆ ಹೊಲಿಯಲು ಹಿರಿಯರಿರಲಿಲ್ಲ, ಅವಳೇ ಹೊಲಿದುಕೊಂಡಳು. ಅದಕ್ಕೇ ಆ ಹೊಲಿಗೆ ಹಾಗೆ. ವರ್ಷ ಇನ್ನೂ ತುಂಬಿರಲಿಲ್ಲ.

ಶಿಬಿರದ ಲೆಕ್ಕದ ತರಗತಿ ನಡೆಯುವುದು ಹೊತ್ತು ಮುಳುಗಿದ ಮೇಲೆ. ಅವಳು ಅದಕ್ಕೆ ಹೋಗುವಂತಿರಲಿಲ್ಲ. ಅದಕ್ಕಾಗಿ ನನ್ನ ಬಳಿ ಬರುತ್ತಿದ್ದಳು.

"ಹುಡುಗರು ಆಕೀನ ಕಾಡಸ್ತಿದ್ರು. ಇದೆಲ್ಲಾ ಹಳೀ ಕಾಲದ್ದು, ಕಿತ್ತಿ ಒಗಿ, ಕ್ಲಾಸಿಗೆ ಬಾ ಅಂತಿದ್ರು. ಆಕಿ ಕೇಳಲಿಲ್ಲ" ಎಂದಳು ಮಾ ಡೋರ್ಕಸ್.

"ಮತ್ತ ಹಾಕಿ ಹೊಲೀತೀನಿ. ಈಗ್ಲೇ ಕೊಡ್ರಿ" ಎಂದೆ. ಸೂಜಿ ದಾರದ ಡಬ್ಬಿ ಎಳೆದುಕೊಂಡೆ.

"ಎರಡನೇ ಸಲ ಹಾಕೂದಿಲ್ಲವ್ವಾ. ಹಾಕಿದ್ರ ಎರಡನೇ ಸಾವು ಕರದಂಗ. ತಗದದ್ದು ತಗದಾಯ್ತು. ತಗದವರು ಬಂದು ಆ ಹುಡುಗಗ ಹೇಳಬೇಕು."

"ಯಾವ ಹುಡುಗಗ?"

"ಸತ್ತ ಹುಡುಗಗ."

ಅವಳ ಜೊತೆ ಲಾರಿ ಹತ್ತಿದೆ. ಶಿಬಿರದಲ್ಲಿ ಅರ್ಧ ಎದ್ದ ಗೋಡೆಗಳು, ಇಟ್ಟಿಗೆಯ ಸಾಲು, ಗಿಡಕ್ಕೆ ತೂಗುಹಾಕಿದ ಕರಿಹಲಗೆ. ಎಲ್ಲರೂ ಎಲ್ಲರನ್ನೂ ಕಾಮ್ರೇಡ್ ಎನ್ನುತ್ತಿದ್ದರು. ಆ ಮಾತನ್ನು ನಾನು ಶಹಾಬಾದಿನ ಕಾರ್ಮಿಕರ ಮೆರವಣಿಗೆಗಳಲ್ಲಿ ಕೇಳಿದ್ದೆ. ಇಲ್ಲಿ ಅಡುಗೆಯವಳನ್ನೂ ಹಾಗೇ ಕರೆದು ಇನ್ನಷ್ಟು ಸಾರು ಕೇಳುತ್ತಿದ್ದರು. ನನ್ನನ್ನೂ ಯಾರೋ ಕಾಮ್ರೇಡ್ ಟೀಚರ್ ಎಂದರು.

ನೊಮ್ಸಾ ಕೋಣೆಯ ಹಿಂದಿನ ಅಂಗಳದಲ್ಲಿ ನಿಂತಿದ್ದಳು. ನನ್ನನ್ನು ನೋಡಲಿಲ್ಲ. ಮಾ ಡೋರ್ಕಸ್ ಲೋಳೆಸರ ಹಿಂಡಿದ ನೀರಿನಲ್ಲಿ ನಮ್ಮಿಬ್ಬರ ಕೈ ತೊಳೆಸಿದಳು. ಸಣ್ಣ ಬೆಂಕಿ ಮಾಡಿದಳು.

"ಹೇಳು" ಎಂದಳು ನನಗೆ.

"ನನ್ನ ಇಂಗ್ಲಿಷು..."

"ನಿನ್ನ ಮಾತಿನಾಗ ಹೇಳು. ಸತ್ತವರಿಗೆ ಯಾವ ಭಾಷಾನೂ ತೊಡಕಿಲ್ಲ."

ನನ್ನ ಗಂಡ ಹೋದ ಮೇಲೆ ನಾನು ಅವರೊಡನೆ ಒಂದು ಮಾತೂ ಆಡಿರಲಿಲ್ಲ. ಎಡೆ ಇಟ್ಟಾಗಲೂ ಕೈ ಮುಗಿದು ಎದ್ದಿದ್ದೆ. ಕಂಡೇ ಇರದ ಒಬ್ಬ ಹುಡುಗನಿಗೆ ಏನು ಹೇಳಲಿ? ಆದರೆ ಬಾಯಿ ತೆರೆದಾಗ ಮಾತು ಬಂತು.

"ತಮ್ಮಾ, ನಾ ಚಿತ್ತಾಪುರದಾಕಿ. ನಿಮ್ಮಕ್ಕನ ತೋಳಿನ ಮ್ಯಾಲಿಂದು ತಿಳೀದೇ ತಗದೀನಿ. ನಿನ್ನ ಮರೀಲಿ ಅಂತ ತಗದಿಲ್ಲಪ್ಪಾ. ಆಕಿ ಕಲೀಬೇಕಾಗ್ಯದ. ಸಂಜೀ ಮುಂದ ಕ್ಲಾಸ್ ಇರ್ತದ, ಆಕೀನ ಹೊರಗ ಬಿಡು. ಸಿಟ್ಟಿದ್ರ ನನ್ನ ಮ್ಯಾಲ ಇರ್ಲಿ." ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಲಿಲ್ಲ. "ರೀ, ನೀವೂ ಕೇಳ್ರಿ. ನಾ ನೀರು ತರೂದಕ್ಕ ತಡಾ ಮಾಡಲಿಲ್ರಿ. ಓಡೇ ಬಂದಿದ್ದೆ."

ಯಾರಿಗೂ ಅದು ಅರ್ಥವಾಗಲಿಲ್ಲ. ನೊಮ್ಸಾ ಮಾತ್ರ ತಲೆಯೆತ್ತಿ ನನ್ನನ್ನು ನೋಡಿದಳು. ಮುಷ್ಟಿ ಬಿಚ್ಚಿ ಕರಿ ಬಟ್ಟೆಯನ್ನು ನನ್ನ ಅಂಗೈಯಲ್ಲಿಟ್ಟಳು. ನಾನು ಅದನ್ನು ಬೆಂಕಿಗೆ ಹಾಕಿದೆ. ತೊಳೆದ ಕೈಯ ನೀರಿಗೆ ಒದ್ದೆಯಾಗಿದ್ದರಿಂದ ಉರಿಯಲು ಹೊತ್ತು ಹಿಡಿಯಿತು.

ಆಮೇಲೆ ಮೆಟ್ಟಿಲ ಮೇಲೆ ಕೂತಾಗ ನೊಮ್ಸಾ ಕೇಳಿದಳು: "ನೀವೂ ಯಾರಿಗೋ ಹೇಳಿದ್ರಿ. ಯಾರಿಗೆ?"

ಹೇಳಿದೆ. ಅವರ ಹೆಸರು, ಬೆಳಗಿನ ಗಾಡಿ, ಎಲ್ಲ.

"ನಿಮ್ಮದು ಯಾವಾಗ ತಗೀತಾರ?"

"ನಮ್ಮಲ್ಲಿ ಬಟ್ಟಿ ಇಲ್ಲ. ಹೆಂಡತಿಗೆ ವರ್ಷ ಅಂತನೂ ಇಲ್ಲ. ಮುಗಿಯೂದಿಲ್ಲ ಅದು."

ಅವಳು ಯೋಚಿಸಿ ಹೇಳಿದಳು: "ಹಂಗಾದ್ರ ತಿಳೀದವರು ಯಾರರೆ ಬಂದು ತಪ್ಪಿ ತಗೀಬೇಕು."

ಹೊತ್ತು ಮುಳುಗಿತ್ತು. ಗಿಡದ ಕೆಳಗೆ ಕಂದೀಲು ಹಚ್ಚಿದರು. ನೊಮ್ಸಾ ಎದ್ದು ಹೋಗಿ ಮೊದಲ ಸಾಲಿನಲ್ಲಿ ಕೂತಳು. ಅಂದಿನ ಪಾಠ ಹೇಳಬೇಕಿದ್ದವರು ಮಲೇರಿಯಾದಿಂದ ಮಲಗಿದ್ದರು. ಎಲ್ಲರೂ ನನ್ನ ಕಡೆ ನೋಡಿದರು. ನಾನು ಸೆರಗು ಸಿಕ್ಕಿಸಿ ಸುಣ್ಣದ ಕಡ್ಡಿ ಎತ್ತಿಕೊಂಡೆ.

ಗಿಡದ ಕೆಳಗಿನ ತರಗತಿ

ಆ ದಿನದಿಂದ ದಿನಾ ಸಂಜೆ ಹೋದೆ. ಮಲ್ಲಣ್ಣ ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಬರುತ್ತಿದ್ದ. "ಊರಾಗ ಮನಿ ಬಾಗಲಾ ದಾಟ್ತಿದ್ದಿಲ್ಲ, ಇಲ್ಲಿ ನನ್ನ ತೊಡಿ ಮುರಿಯಾಕತ್ತೀದಿ" ಎಂದು ಏರು ಬಂದಾಗಲೆಲ್ಲ ಬೈಯುತ್ತಿದ್ದ.

ಆ ವಿದ್ಯಾರ್ಥಿಗಳಂಥವರನ್ನು ನಾನು ಮುಂಚೆ ಕಂಡಿರಲಿಲ್ಲ. ಹೇಳಿದ್ದನ್ನು ಸುಮ್ಮನೆ ಒಪ್ಪುತ್ತಿರಲಿಲ್ಲ. ಭಾಗಾಕಾರದಲ್ಲಿ ಭಿನ್ನರಾಶಿಯನ್ನು ತಲೆಕೆಳಗು ಮಾಡಿ ಎಂದರೆ, ಯಾಕೆ, ಯಾರು ಹೇಳಿದ್ದು ಎಂದು ಎದ್ದು ನಿಂತು ಕೇಳುವರು. ನಾನು ರಾತ್ರಿ ಯೋಚಿಸಿ ಮರುದಿನ ಉತ್ತರ ಹೇಳಬೇಕಾಗುತ್ತಿತ್ತು. ವಾರಕ್ಕೊಮ್ಮೆ ಸಭೆ ಕರೆದು ಟೀಚರರ ತಪ್ಪುಗಳನ್ನು ಟೀಚರರ ಎದುರೇ ಹೇಳುವ ಪದ್ಧತಿ ಬೇರೆ. ನನ್ನ ಮೇಲೆ ಬಂದ ದೂರು: ಕಾಮ್ರೇಡ್ ಟೀಚರ್ ಕರಿಹಲಗೆಗೆ ಅಡ್ಡ ನಿಲ್ಲುತ್ತಾರೆ, ಕಿವಿ ಹಿಂಡಲು ಕೈ ಎತ್ತುತ್ತಾರೆ. ಎರಡೂ ನಿಜವಾಗಿತ್ತು. ನಮ್ಮ ಶಾಲೆಯಲ್ಲಿ ಹೀಗೊಂದು ಸಭೆ ಕರೆದಿದ್ದರೆ ಹೆಡ್ಮಾಸ್ತರರು ರಾಜೀನಾಮೆ ಕೊಡುತ್ತಿದ್ದರು. ನಾನು ಪಕ್ಕಕ್ಕೆ ಸರಿದು ಬರೆಯುವುದನ್ನು ಕಲಿತೆ. ಅವರು ಪಾವ್, ಅರ್ಧಾ, ಪೌಣಾ ಕಲಿತರು. ಇಟ್ಟಿಗೆ ಹೊರುವಾಗಲೂ ಸಾಲಾಗಿ ಅದನ್ನೇ ಹಾಡುತ್ತಿದ್ದರು. ಅವರ ಬಾಯಲ್ಲಿ ನಮ್ಮಜ್ಜನ ಮಗ್ಗಿಗೆ ಎಂಥ ರಾಗ ಬಂದಿತ್ತು!

ಪರೀ­ಕ್ಷೆ ಆಯಿತು. ಫಲಿತಾಂಶವೂ ಬಂತು. ನೊಮ್ಸಾ ಮಿಕ್ಕ ಎಲ್ಲದರಲ್ಲೂ ಪಾಸು, ಲೆಕ್ಕದಲ್ಲಿ ಫೇಲು.

ನನ್ನ ಹಡಗು ಮರುವಾರ ಇತ್ತು. ಸುದ್ದಿ ತಿಳಿದು ಕಸ್ತೂರಿ ಅಡುಗೆಮನೆಯಲ್ಲಿ ಕೂತು ಅಳುತ್ತಿದ್ದಳು. ನೊಮ್ಸಾ ಬಂದಳು. ಒಳಗೆ ಇಣುಕಿ, "ಫೇಲಾದಾಕಿ ನಾನು. ನೀ ಯಾಕ ಅಳಾಕತ್ತೀದಿ?" ಎಂದಳು. ಆಮೇಲೆ ನನ್ನೆದುರು ಚಾಪೆಯ ಮೇಲೆ ಕೂತಳು.

"ಒಂದು ಲೆಕ್ಕ ಬಿಟ್ಟೆ. ಪೂರಾ ಖಾಲಿ ಬಿಟ್ಟೆ."

"ಯಾವುದು?"

ಔಷಧದ ಲೆಕ್ಕ. ಬಾಟಲಿಯಲ್ಲಿ ಇಷ್ಟು ಬಲದ ಔಷಧವಿದೆ, ದೊಡ್ಡವರಿಗೆ ಇಷ್ಟು ಕೊಡಬೇಕು, ಇಷ್ಟು ತೂಕದ ಮಗುವಿಗೆ ಎಷ್ಟು? ಭಿನ್ನರಾಶಿಯೇ. ಅದಕ್ಕಿಂತ ಕಷ್ಟದವನ್ನು ಅವಳು ಗಿಡದ ಕೆಳಗೆ ಬಾಯಲ್ಲೇ ಬಿಡಿಸುತ್ತಿದ್ದಳು.

"ಬರ್ತಿತ್ತಲ್ಲ ನಿನಗ?"

"ಬರ್ತಿತ್ತು. ಕೈ ಏಳಲಿಲ್ಲ." ಚಾಪೆಯ ಅಂಚು ಮಡಚುತ್ತ ಹೇಳಿದಳು. "ತಮ್ಮಗ ಜ್ವರ ಬಂದಾಗ ಔಷಧ ಇತ್ತು, ಟೀಚರ್. ಯಾರೋ ಬಾಟಲಿ ಕೊಟ್ಟಿದ್ರು. ಎಷ್ಟು ಹಾಕಬೇಕಂತ ಗೊತ್ತಿದ್ದಿಲ್ಲ. ಚಮಚ ನನ್ನ ಕೈಯಾಗಿತ್ತು. ನಾ ಕೊಟ್ಟದ್ದು ಕಡಿಮಿ ಆಯ್ತೋ, ಹೆಚ್ಚಾಯ್ತೋ, ಇವತ್ತಿಗೂ ಗೊತ್ತಿಲ್ಲ."

ನಾನು ಸಮಾಧಾನ ಹೇಳಲಿಲ್ಲ. ಅದರಿಂದ ಏನೂ ಆಗುವುದಿಲ್ಲವೆಂದು ನನಗೆ ಗೊತ್ತಿತ್ತು. ಪಾಟಿ ಅವಳ ಮುಂದೆ ಸರಿಸಿದೆ.

"ಅದೇ ಲೆಕ್ಕ ಬಿಡಿಸು."

ಬಿಡಿಸಿದಳು. ಬಿಡಿಸುವಾಗ ಬೆವರುತ್ತಿದ್ದಳು. ಉತ್ತರ ಸರಿಯಿತ್ತು. ತೂಕ ಬದಲಿಸಿ ಇನ್ನೊಂದು ಕೊಟ್ಟೆ. ಅದೂ ಸರಿ. ಅವಳು ಪಾಟಿ ಒರೆಸಿ, "ಇನ್ನೊಂದು" ಎಂದಳು.

ಮಲ್ಲಣ್ಣ ಶೆಡ್ಡಿನಿಂದ ಬಂದು ನಮ್ಮನ್ನು ನೋಡಿ ಬಾಗಿಲಲ್ಲೇ ನಿಂತ.

"ಮಲ್ಲೂ, ಟಿಕೀಟ್ ಮುಂದ ಹಾಕಸು" ಎಂದೆ.

"ಎಷ್ಟು ದಿನಾ?"

"ಈಕಿ ಪಾಸಾಗೂತನ."

"ಅಕ್ಕಾ, ನಿನ್ನ ಶಾಲಿಯವರು ಏನಂತಾರ?"

"ಇಷ್ಟು ದಿನ ಅಳಾಕ ರಜಾ ಕೊಟ್ಟಾರ. ಕಲಸಾಕ ಕೊಡೂದಿಲ್ಲೇನು?"

ದವಾಖಾನೆ

ಮುಂದಿನ ಪರೀಕ್ಷೆ ಬರುವ ತನಕ ದಿನಾ ಒಂದು ಔಷಧದ ಲೆಕ್ಕ. ಕಸ್ತೂರಿ ಕೂಡ ರೊಟ್ಟಿ ಬಡಿಯುತ್ತ, "ಹದಿನೈದು ಕಿಲೋದ ಕೂಸಿಗೆ ಎಷ್ಟು ಆಗ್ತದ ಅಕ್ಕಾ?" ಎಂದು ಕೇಳುವಷ್ಟು ಅದು ನಮ್ಮ ಮನೆಯ ಮಾತಾಯಿತು. ಎರಡನೆಯ ಸಲ ನೊಮ್ಸಾ ಪಾಸಾದಳು. ಲೆಕ್ಕದಲ್ಲಿ ಬಹಳ ಅಂಕವೇನೂ ಇರಲಿಲ್ಲ. ಸಾಕಾಗುವಷ್ಟಿತ್ತು. ಕಸ್ತೂರಿ ಈ ಸಲವೂ ಅತ್ತಳು.

ನಾನು ಹೊರಡುವ ಹೊತ್ತಿಗೆ ನೊಮ್ಸಾಳ ತರಬೇತಿ ಸುರುವಾಗಿ ಕೆಲವು ವಾರಗಳಾಗಿದ್ದವು. ಹೇಳಿ ಬರಲೆಂದು ದವಾಖಾನೆಗೆ ಹೋದೆ. ಮಕ್ಕಳ ವಾರ್ಡು. ಒಂದೊಂದು ಹಾಸಿಗೆಗೆ ಎರಡೆರಡು ಮಕ್ಕಳು, ಕೆಳಗೆ ಚಾಪೆಯ ಮೇಲೆ ತಾಯಂದಿರು. ನೊಮ್ಸಾ ಬಿಳಿ ಬಟ್ಟೆ ಹಾಕಿ ಮೇಜಿನ ಬಳಿ ನಿಂತಿದ್ದಳು. ಪಕ್ಕದಲ್ಲಿ ಹಿರಿಯ ಸಿಸ್ಟರ್ ಒಬ್ಬರು ಕೈಕಟ್ಟಿ ನೋಡುತ್ತಿದ್ದರು. ಅಂದು ಅವಳು ಮೊದಲ ಸಲ ತಾನೇ ಔಷಧ ಅಳೆಯುವುದಿತ್ತಂತೆ.

ಅವಳು ನನ್ನನ್ನು ಕಂಡಳು. ಬಾಟಲಿಯಿಂದ ಗಾಜಿನ ಅಳತೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದಳು. ತುಟಿ ಅಲುಗುತ್ತಿತ್ತು. ಅಳತೆಯನ್ನು ನನ್ನತ್ತ ಚಾಚಿದಳು.

"ಟೀಚರ್, ಒಮ್ಮೆ ನೋಡ್ರಿ. ಸರಿ ಅದ ಇಲ್ಲೋ?"

ನಾನು ಗಾಜಿನತ್ತ ಕಣ್ಣು ಹಾಯಿಸಲಿಲ್ಲ. ಅವಳ ಮುಖವನ್ನೇ ನೋಡಿದೆ.

"ಲೆಕ್ಕ ನಿಂದು. ನೀನೇ ನೋಡು."

ಅವಳು ಮತ್ತೊಮ್ಮೆ ಗೋಡೆಗೆ ತಗುಲಿಹಾಕಿದ್ದ ಮಗುವಿನ ತೂಕದ ಚೀಟಿ ನೋಡಿದಳು. ಮತ್ತೊಮ್ಮೆ ಗಾಜು ನೋಡಿದಳು. "ಸರಿ ಅದ" ಎಂದಳು, ನನಗಲ್ಲ, ಸಿಸ್ಟರಿಗೆ. ಸಿಸ್ಟರ್ ಬಾಗಿ ನೋಡಿ ತಲೆಯಾಡಿಸಿದರು.

ಹಾಸಿಗೆಯ ಮೇಲಿನ ಮಗು ಬಾಯಿ ಬಿಗಿಯಾಗಿ ಮುಚ್ಚಿಕೊಂಡಿತ್ತು. ನೊಮ್ಸಾ ಅಂಚಿನಲ್ಲಿ ಕೂತು, ಅದರ ತಾಯಿಯನ್ನು ಕೇಳಿ ಹೆಸರು ತಿಳಿದುಕೊಂಡು, ಆ ಹೆಸರಿನಿಂದ ಕರೆದಳು. ಚಮಚ ತುಟಿಯ ಹತ್ತಿರ ಹಿಡಿದು ಕಾದಳು. ಅವಳ ಕೈ ಅಲುಗಲಿಲ್ಲ. ಮಗು ಬಾಯಿ ತೆರೆಯಿತು. ಔಷಧ ಒಳಗೆ ಹೋಗಿ, ಮಗು ನುಂಗಿ, ಮುಖ ಕಿವುಚುವ ತನಕ ನೊಮ್ಸಾ ಅದನ್ನೇ ನೋಡುತ್ತಿದ್ದಳು.

ಆಮೇಲೆ ಎದ್ದು, ಚಮಚ ತೊಳೆದುಕೊಂಡು, ಪಕ್ಕದ ಹಾಸಿಗೆಗೆ ಹೋದಳು.